ಮೂರನೆಯ ನೀರು

ಹೂಂ ಎಂದದ್ದು ತಾನೇ. ಯಾರೂ ಕತ್ತು ಹಿಸುಕಿ ಹೇಳಿಸಿರಲಿಲ್ಲ. ಡೇರಿಯಿಂದ ಮನೆಗೆ ಬರುವ ಬೀದಿಯಲ್ಲಿ ತಲೆಯ ಮೇಲೆ ತುಂಬಿದ ಕ್ಯಾನು ಹೊತ್ತು ನಡೆಯುತ್ತಿದ್ದ ಮೋಂಘಿಬೆನ್‌ಗೆ ಆ ಒಂದು ಹೂಂ ಸಜ್ಜೆಯ ಹೊಟ್ಟಿನ ಹಾಗೆ ಗಂಟಲಿಗೆ ಅಂಟಿಕೊಂಡಿತ್ತು. ನುಂಗಿದರೆ ಇಳಿಯದು, ಉಗುಳಿದರೆ ಬಾರದು. ಈ ಹೊತ್ತಿಗೆ ಕ್ಯಾನು ಖಾಲಿಯಾಗಿ ಕೈಯಲ್ಲಿ ತೂಗಾಡುತ್ತಿರಬೇಕಿತ್ತು. ಈ ಊರಿಗೆ ಸೊಸೆಯಾಗಿ ಬಂದಂದಿನಿಂದ ತುಂಬಿದ ಕ್ಯಾನು ಡೇರಿಗೆ ಹೋಗಿದೆ, ಖಾಲಿ ಕ್ಯಾನು ಮನೆಗೆ ಬಂದಿದೆ. ತುಂಬಿದ್ದು ತುಂಬಿದ ಹಾಗೇ ಹಿಂದಕ್ಕೆ ಬಂದದ್ದು ಇವತ್ತೇ ಮೊದಲು, ಅದೂ ನೀಲಿಯಾಗಿ. ಬೇಡವೆಂದ ಹಾಲನ್ನು ಪಕ್ಕದ ಊರಿನ ಡೇರಿಗೆ ಒಯ್ದು ಸುರಿಯಬಾರದೆಂದು ಅದಕ್ಕೊಂದು ಚಮಚ ನೀಲಿ ಬಣ್ಣ ಕದಡಿಯೇ ಹಿಂದಕ್ಕೆ ಕೊಡಬೇಕಂತೆ. ಕದಡುವಾಗ ಹೊರಗೆ ಚೆಲ್ಲಿದ್ದು ಈಗ ಕ್ಯಾನಿನ ಮೈಮೇಲಿಂದ ಇಳಿದು, ತಲೆಯ ಮೇಲಿನ ಸಿಂಬೆಯನ್ನು ನೆನೆಸಿ, ಕಿವಿಯ ಪಕ್ಕದಿಂದ ಕೆನ್ನೆಗೆ ಬರುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಕ್ಯಾನಿನ ಮೇಲಿವೆ. ಬೇವಿನಕಡ್ಡಿ ಜಗಿಯುತ್ತ ಜಗಲಿಗಳ ಮೇಲೆ ಕೂತವರೆಲ್ಲ ನೋಡುತ್ತಿದ್ದರು. ನೋಡಲಿ. ಅವರ ಕಣ್ಣಿಗೂ ಇಷ್ಟು ಸೋಡಾ ಬೀಳಲಿ.

ಆ ಯಂತ್ರ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅದಕ್ಕೆ ಮೊದಲು ಡೇರಿಯ ಕಾರ್ಯದರ್ಶಿ ಹರ್ಜಿಭಾಯ್‌ನ ನಾಲಗೆಯೇ ಯಂತ್ರ. ಅನುಮಾನ ಬಂದ ಹಾಲಿಗೆ ಕಿರುಬೆರಳು ಅದ್ದಿ ನೆಕ್ಕಿ, “ಏನ್ ವಾಲೀಬೆನ್, ನಿನ್ನೆ ನಿಮ್ಮ ಕೊಟ್ಟಿಗೇಲಿ ಮಾತ್ರ ಮಳೆ ಬಂತಾ?” ಎನ್ನುವನು. ಸಾಲು ಘೊಳ್ಳೆಂದು ನಗುವುದು, ವಾಲಿಯೂ ನಗುವಳು, ಮರುದಿನ ಅವಳ ಹಾಲು ತಾನಾಗಿ ಗಟ್ಟಿಯಾಗುವುದು. ಮೋಂಘಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ತನ್ನ ಹಾಲಿಗೆ ಯಾರೂ ಬೆರಳು ಅದ್ದಿದವರಿಲ್ಲ ಎಂಬ ಕೊಬ್ಬು ಆ ನಗೆಯಲ್ಲಿತ್ತು. ಈಗ ಗಾಜಿನ ಕಿಟಕಿಯ ಬಿಳಿ ಪೆಟ್ಟಿಗೆಯಿಂದ ಸಣ್ಣ ಕೊಳವೆಯೊಂದು ಇಳಿದು ಪ್ರತಿಯೊಬ್ಬರ ಹಾಲಿನಿಂದಲೂ ಒಂದು ಗುಟುಕು ಹೀರುತ್ತದೆ. ಒಳಗೆ ಪುಟ್ಟ ಗಾಜಿನ ನಳಿಕೆಗಳು ತಿರುಗುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಔಷಧದ ತೊಟ್ಟು ಬೀಳುತ್ತದೆ. ಯೂರಿಯಾ ಹಿಡಿಯಲು ಒಂದು, ಉಪ್ಪಿಗೆ ಒಂದು, ಸಕ್ಕರೆಗೆ ಒಂದು, ಸೋಡಾಕ್ಕೆ ಒಂದು. ಬಣ್ಣ ತಿರುಗಿದರೆ ಕೆಂಪು ದೀಪ. ಇವತ್ತು ಸೋಡಾದ ನಳಿಕೆ ಮದುವಣಗಿತ್ತಿಯ ಸೀರೆಯ ಹಾಗೆ ಗುಲಾಬಿಯಾಯಿತು. ಯಾವುದೋ ಶಹರದ ಹುಡುಗಿಯ ಧ್ವನಿ, ಉಗುರಿಗೆ ಬಣ್ಣ ಹಚ್ಚಿಕೊಂಡಿರಬೇಕು ಅನ್ನಿಸುವಂಥ ಧ್ವನಿ, ಇಡೀ ಸಾಲಿಗೆ ಕೇಳುವ ಹಾಗೆ ಸಾರಿತು: “ಮೋಂಘಿಬೆನ್ ಅಮರತ್‌ಭಾಯ್ ಚೌಧರಿ. ಸೋಡಾ ಪತ್ತೆಯಾಗಿದೆ. ಹಾಲು ಸ್ವೀಕರಿಸಲಾಗುವುದಿಲ್ಲ.” ತಾನು ಒಮ್ಮೆಯೂ ಬಾಯಿ ತೆರೆದು ಹೇಳದ ಗಂಡನ ಹೆಸರನ್ನು ಆ ಹುಡುಗಿ ಎಷ್ಟು ಸಲೀಸಾಗಿ ಹೇಳಿದಳು! ಹುಳಿ ಬಂದ ಹಾಲಿನ ಹುಳಿ ಮುಚ್ಚಲು ಕಳ್ಳರು ಬೆರೆಸುವುದು ಸೋಡಾ. ಸಾಲಿನಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

“ಇನ್ನೊಂದ್ಸಲ ಹಾಕೋ ಹರ್ಜಿ. ನಿನ್ನ ಪೆಟ್ಟಿಗೆಗೆ ತಲೆ ಕೆಟ್ಟಿದೆ.”

ಹಾಕಿದ. ಇನ್ನೊಂದು ಸಲವೂ ಗುಲಾಬಿ.

“ಯಂತ್ರಕ್ಕೇನು ನಿಮ್ಮ ಮೇಲೆ ಹಗೆಯಾ ಕಾಕಿ?” ಎಂದ ಹರ್ಜಿ. ಅವನ ದನಿಯಲ್ಲಿ ಕೀಟಲೆ ಇರಲಿಲ್ಲ, ಮರುಕ ಇತ್ತು. ಅದೇ ಮೈ ಉರಿಸಿತು.

“ದೊಡ್ಡ ಮನೆ ಹಾಲು ಅಂತ ಇಷ್ಟು ವರ್ಷ ದೂರದಿಂದಲೇ ಕೈ ಮುಗೀತಿದ್ವಿ,” ಹಿಂದಿನಿಂದ ವಾಲಿ. “ನೋಡಿದ್ರೆ ಬಟ್ಟೆ ಒಗೆದ ನೀರು!”

ಆಗ ಹರ್ಜಿ ಮುಂದಕ್ಕೆ ಬಾಗಿ, ಉಪಕಾರ ಮಾಡುವವನ ಹಾಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದ: “ಕ್ಯಾನು ತೊಳೆದದ್ದು ನಿಮ್ಮ ಸೊಸೆ ಹೇತಲ್ ತಾನೇ? ಹೊಸ ಹುಡುಗಿ, ತೊಳೆಯೋ ಸೋಡಾನ ಒಳಗೇ ಬಿಟ್ಟಿರ್ತಾಳೆ. ಹೌದು ಅಂದ್ಬಿಡಿ, ಮುಗೀತು.”

“ಹೂಂ,” ಎಂದಳು ಮೋಂಘಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಇನ್ಯಾರು ಮತ್ತೆ? ಈಗಿನೋರಿಗೆ ಪುಸ್ತಕ ಓದೋಕೆ ಬರತ್ತೆ, ಕ್ಯಾನು ತೊಳೆಯೋಕೆ ಬರಲ್ಲ.”

ಸಾಲು ನಕ್ಕಿತು. ಆ ನಗು ಹಳೆಯ ನಗು, ಬೆರಳು ಅದ್ದಿ ನೆಕ್ಕುವ ಕಾಲದ್ದು. ಸದ್ಯ, ಅದು ತನ್ನನ್ನು ದಾಟಿ ಹೋಯಿತು. ಅವಳ ಎದೆ ಹಗುರಾಗುವಷ್ಟರಲ್ಲಿ ಹರ್ಜಿ ಚೀಟಿ ಹರಿಯುತ್ತ ಅಂದ: “ಒಳ್ಳೇದಾಯ್ತು, ಈಗಲೇ ಗೊತ್ತಾಯ್ತು. ಸಂಜೆ ಕಮಿಟಿಯೋರು ಯಂತ್ರ ನೋಡ್ಕೊಳ್ಳೋಕೆ ಜನ ಗೊತ್ತು ಮಾಡ್ತಾರೆ. ಹೇತಲ್ ಹೆಸರೇ ಮೇಲಿತ್ತು. ಕ್ಯಾನು ತೊಳೆಯೋಕೆ ಬಾರದೋಳನ್ನ ಯಂತ್ರದ ಮುಂದೆ ಕೂರಿಸಿದ್ರೆ ಅಧ್ಯಕ್ಷರು ನನ್ನ ಚರ್ಮ ಸುಲೀತಾರೆ. ಅವರ ತಮ್ಮನ ಮಗ ಹೇಗೂ ಕೇಳ್ತಿದ್ದಾನೆ, ಅವನೇ ಆಗ್ಲಿ ಬಿಡಿ. ಇನ್ನೊಂದು ಮಾತು ಕಾಕಿ, ಇದೇ ವಾರ ಇನ್ನೊಂದು ಕೆಂಪು ಬಿದ್ರೆ ನಿಮ್ಮ ಮನೆ ಹಾಲು ಒಂದು ತಿಂಗಳು ತಗೊಳ್ಳೋ ಹಾಗಿಲ್ಲ. ಸೊಸೆಗೆ ಹೇಳಿ.”

ಹೇತಲ್ ಪಾಲನಪುರದಲ್ಲಿ ವಿಜ್ಞಾನ ಓದಿ ಬಂದವಳು. ಬಂದಾಗಿನಿಂದ ಸೆಗಣಿ ಬಾಚಿದ್ದಳು, ಎಮ್ಮೆಗೆ ಮೇವು ಕತ್ತರಿಸಿದ್ದಳು, ಒಂದು ದಿನವೂ ಓದಿನ ಮಾತು ತೆಗೆದವಳಲ್ಲ. ಯಂತ್ರ ಬಂದ ವಾರ ಮಾತ್ರ ರೊಟ್ಟಿ ತಟ್ಟುತ್ತ, ಹಿಟ್ಟನ್ನೇ ನೋಡುತ್ತ ಕೇಳಿದ್ದಳು: “ಬಾ, ನಾನು ಅರ್ಜಿ ಕೊಡ್ಲಾ?” ಅಮ್ಮನನ್ನು ಕರೆಯುವ ಹಾಗೆ ಅತ್ತೆಯನ್ನೂ ಬಾ ಎಂದೇ ಕರೆಯುತ್ತಿದ್ದಳು. ಕೊಡು ಎಂದಿದ್ದಳು ಮೋಂಘಿ. ಎಂದ ಮೇಲೆ ಬೇವಿನ ಮರದ ಕೆಳಗೆ ಕೂತು, ತನ್ನ ಸೊಸೆ ಕುರ್ಚಿಯ ಮೇಲೆ ಕೂತಿರುವ, ತಾನು ಕ್ಯಾನು ಹಿಡಿದು ಅವಳ ಮುಂದೆ ನಿಂತಿರುವ ಚಿತ್ರವನ್ನು ಎಷ್ಟೋ ಹೊತ್ತು ನೋಡಿದ್ದಳು. ಅದರಲ್ಲಿ ಹೆಮ್ಮೆ ಇತ್ತು, ಹೆಮ್ಮೆಯ ತಳದಲ್ಲಿ ಒಂದಿಷ್ಟು ಹುಳಿಯೂ ಇತ್ತು. ಯಾವ ಸೋಡಾ ಹಾಕಿದರೂ ಹೋಗದ ಹುಳಿ.

ಅದೂ ಅಲ್ಲದೆ, ಹೇತಲ್ ಕ್ಯಾನು ಮುಟ್ಟಿಯೇ ಇರಲಿಲ್ಲ. ಅದೇ ತಾನೇ ಗಂಟಲಲ್ಲಿ ಸಿಕ್ಕಿಕೊಂಡದ್ದು. ಯಂತ್ರ ಬಂದ ಹೊಸದರಲ್ಲಿ ಮೋಂಘಿಯ ಹಾಲಿಗೆ ಒಮ್ಮೆ ಹಳದಿ ದೀಪ ಹತ್ತಿತ್ತು, ಸ್ವಲ್ಪ ನೀರು ಬೆರೆತಿದೆ ಎಂದಿತ್ತು. ತೊಳೆದ ಕ್ಯಾನಿನ ತಳದಲ್ಲಿ ನಿಂತ ಹನಿಗಳೋ ಏನೋ. ಹರ್ಜಿ ಹಾಲು ಸುರಿದುಕೊಂಡ, ಆದರೆ ವಾಲಿ ಕೆಮ್ಮಿದಳು. ಆ ಕೆಮ್ಮು ಮೋಂಘಿಯನ್ನು ಎಷ್ಟೋ ದಿನ ನಿದ್ದೆ ಮಾಡಗೊಡಲಿಲ್ಲ. ಅಂದಿನಿಂದ ಕ್ಯಾನು ತೊಳೆಯುವ ಕೆಲಸವನ್ನು ಸೊಸೆಯ ಕೈಯಿಂದ ಕಿತ್ತುಕೊಂಡು, ಒಳಗೆ ಹನಿ ನೀರೂ ನಿಲ್ಲದ ಹಾಗೆ ತಾನೇ ತೊಳೆಯುತ್ತಿದ್ದಳು. ಎರಡನೆಯ ದಿನವೋ ಏನೋ ಹೇತಲ್ ಪಕ್ಕದಲ್ಲಿ ನಿಂತು ಏನನ್ನೋ ಹೇಳಲು ಬಂದಿದ್ದಳು. “ನಂಗೆ ಕ್ಯಾನು ತೊಳೆಯೋದು ಕಲಿಸ್ತೀಯಾ?” ಎಂದು ಅವಳ ಬಾಯಿ ಮುಚ್ಚಿಸಿದ್ದಾಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಮೋಂಘಿ ಅದನ್ನು ನಂಬತೊಡಗಿದ್ದಳು. ಹುಡುಗಿ ಕಣ್ಣು ತಪ್ಪಿಸಿ ಮುಟ್ಟಿರಬೇಕು. ಬಟ್ಟೆಯ ಸೋಡಾದ ಕೈಯನ್ನೇ ಒಳಗೆ ಹಾಕಿರಬೇಕು. ಹಾಗಾಗಿರಲೇಬೇಕು, ಇಲ್ಲವಾದರೆ ಡೇರಿಯ ಸಾಲಿನಲ್ಲಿ ನಿಂತು ತಾನು ಹೇಳಿದ್ದೇನು? ಗಂಡ ಬೇವಿನ ಕೆಳಗೆ ಹೊರಸಿನ ಮೇಲೆ ಕೂತು ಬಸಿಯಲ್ಲಿ ಚಹಾ ಊದುತ್ತಿದ್ದ. ಒಲೆಯ ಹತ್ತಿರವಿದ್ದ ಹೇತಲ್ ಮಾವ ಇದ್ದಾನೆಂದು ಸೆರಗನ್ನು ಗದ್ದದ ತನಕ ಎಳೆದುಕೊಂಡಿದ್ದಳು. ಮೋಂಘಿ ಕ್ಯಾನನ್ನು ಧಡ್ಡೆಂದು ಇಳಿಸಿದಳು. ಮುಚ್ಚಳ ಹಾರಿ ನೀಲಿ ಹಾಲು ಅಂಗಳದಲ್ಲಿ ಹರಿಯಿತು.

“ನೋಡು! ಕಣ್ತುಂಬ ನೋಡು! ಕ್ಯಾನಿಗೆ ಕೈ ಹಾಕಿದ್ಯಾ ನೀನು? ಹಾಕಿದ್ಯೋ ಇಲ್ವೋ ಹೇಳು!”

ಮುಸುಕು ಅಲುಗಲಿಲ್ಲ.

“ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ? ಊರೆಲ್ಲ ನಗ್ತಾ ಇದೆ. ನಿನ್ನ ಹೆಸರು ಹೊಡೆದು ಹಾಕಿದ್ರು, ಗೊತ್ತಾಯ್ತಾ? ಕುರ್ಚಿ ಹೋಯ್ತು! ಮಾತಾಡೇ!”

ಮಾವ ಕೂತಿರುವಲ್ಲಿ ಸೊಸೆ ಮಾತಾಡುವಂತಿಲ್ಲ. ಇದು ಮೋಂಘಿಗೆ ಗೊತ್ತಿಲ್ಲದ್ದೇ? ಅದಕ್ಕೇ ಅವಳು ಇಲ್ಲಿ ನಿಂತು, ಈಗಲೇ ಕೇಳುತ್ತಿದ್ದಳು. ಒಳಗೆ ಕರೆದು ಕೇಳಿದ್ದರೆ ಹುಡುಗಿ ಉತ್ತರ ಕೊಟ್ಟುಬಿಡುತ್ತಿದ್ದಳು. ಗಂಡ ಚಹಾ ಹೀರಿ, “ಹೋಗ್ಲಿ ಬಿಡೇ, ಎಳೇದು,” ಎಂದ. ಅಷ್ಟಕ್ಕೆ ತಪ್ಪು ಹೇತಲ್‌ಳದ್ದೆಂದು ಮನೆಯಲ್ಲೂ ತೀರ್ಮಾನವಾಯಿತು. ಹೇತಲ್ ಬಾಗಿ, ಕೈ ಬೆರಳಿಂದ ತಡೆದು ತಡೆದು ನೀಲಿ ಹಾಲನ್ನು ಮಣ್ಣಿನೊಂದಿಗೆ ಬಾಚತೊಡಗಿದಳು. ಅವಳ ಮುಸುಕಿನ ಅಂಚು ಒಂದು ಕಡೆ ಒಳಕ್ಕೆ ಸೆಳೆದುಕೊಂಡಿತ್ತು. ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಆ ಅಂಚು ಮೋಂಘಿಯನ್ನು ಮಧ್ಯಾಹ್ನದ ತನಕ ಬಿಡಲಿಲ್ಲ. ಹೀಗೆ ಕಚ್ಚಿದ ಸೆರಗಿನ ರುಚಿ ಅವಳಿಗೆ ಗೊತ್ತಿತ್ತು. ಹತ್ತಿಯ ಅಂಚು, ಜೊಲ್ಲು, ಹೊಗೆ. ತಾನು ಹೊಸ ಸೊಸೆಯಾಗಿದ್ದಾಗ, ಗಡಿಗೆಯ ಕೆನೆ ಯಾರು ತಿಂದದ್ದೆಂದು ತನ್ನ ಅತ್ತೆ ಇದೇ ಬೇವಿನ ಕೆಳಗೆ ಕೇಳಿದ್ದಳು, ಮಾವ ಇದೇ ಹೊರಸಿನ ಮೇಲೆ ಕೂತಿದ್ದ. ಕೆನೆ ತಿಂದದ್ದು ಬೆಕ್ಕು. ಗಡಿಗೆಯ ಹಿಂದೆ ಬೆಕ್ಕು ಮೀಸೆ ನೆಕ್ಕುತ್ತ ಕೂತಿದ್ದನ್ನು ಮುಸುಕಿನ ಒಳಗಿಂದ ಮೋಂಘಿ ಕಂಡಿದ್ದಳು, ಬೆರಳು ತೋರಿಸುವುದಕ್ಕೂ ಆಗಿರಲಿಲ್ಲ. ಅತ್ತೆ ಸತ್ತ ದಿನ ಎದೆ ಬಡಿದುಕೊಂಡು ಅಳುವಾಗಲೂ ಆ ಬೆಕ್ಕು ಕಣ್ಣ ಮುಂದೆ ಬಂದಿತ್ತು. ಸಿಟ್ಟು ಈಗ ಯಾರ ಮೇಲೆಂದು ತಿಳಿಯದೆ ಮೋಂಘಿ ಎಮ್ಮೆ ಭೂರಿಯನ್ನು ಬೈದಳು, ಮೇವನ್ನು ಬೈದಳು, ಯಂತ್ರ ಮಾಡಿದವನ ತಾಯಿಯನ್ನು ಬೈದಳು. ಅಧ್ಯಕ್ಷ ವೀರಸಂಗ್‌ಭಾಯ್ ಮನೆಯ ಹಾಲಿಗೆ ದಿನಾ ಹಸಿರು ದೀಪ. ಆ ಮನೆಯ ಹಿತ್ತಲಿಗೆ ಹಾಲಿನ ಪುಡಿಯ ಚೀಲ, ಎಣ್ಣೆಯ ಡಬ್ಬ ಇಳಿಯುವುದನ್ನು ಊರೇ ಕಂಡಿದೆ. ಯಂತ್ರ ಏನೇನು ಹುಡುಕುತ್ತದೆ ಎಂಬುದು ಆತನಿಗೆ ಮೊದಲೇ ಗೊತ್ತು, ಅದು ಹುಡುಕದ್ದನ್ನೇ ಬೆರೆಸುತ್ತಾನೆ. ತಾನು ಏನನ್ನೂ ಬೆರೆಸದವಳು ನೀಲಿ ಹೊತ್ತು ಬರಬೇಕು!

ಸಂಜೆಯ ಹಾಲಿಗೆ ಬೇರೆ ಕ್ಯಾನು ಇತ್ತು. ಹಿಂದಿನ ದಿನ ತೊಳೆದು, ಮುಚ್ಚಳ ಹಾಕಿ, ಯಾರೂ ಮುಟ್ಟದ ಹಾಗೆ ತನ್ನ ಮಂಚದ ಕೆಳಗೇ ಇಟ್ಟುಕೊಂಡಿದ್ದಳು. ಆಗತಾನೇ ಮುಖದ ನೀಲಿ ತೊಳೆದುಕೊಂಡ ಒದ್ದೆ ಕೈಯಲ್ಲೇ ಅದನ್ನು ಎಳೆದು, ಮುಚ್ಚಳ ತೆಗೆದು ಮೂಸಿ ನೋಡಿದಳು. ಏನೂ ಇಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕತ್ತಿನ ಒಳಗೆ, ಕ್ಯಾನು ಭುಜದ ಹಾಗೆ ಅಗಲವಾಗುವ ಕಡೆ, ಬೆರಳು ಆಡಿಸಿದಳು. ಜಾರಿತು. ಸಾಬೂನು ಮುಟ್ಟಿದ ಹಾಗೆ ಬೆರಳು ನುಣ್ಣಗೆ ಜಾರಿತು. ಮತ್ತೆ ಮುಟ್ಟಿದಳು, ಬೆರಳಿಗೆ ಬೆರಳು ಉಜ್ಜಿದಳು, ನಾಲಗೆಗೆ ತಗುಲಿಸಿದಳು. ಚುರ್ರೆಂದಿತು. ಮೋಂಘಿ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕೂತುಬಿಟ್ಟಳು.

ಸೋಡಾ ಹಾಕಿ ಉಜ್ಜಿದ ಮೇಲೆ ಮೂರು ನೀರು. ತವರಿನಲ್ಲಿ ಕಲಿತದ್ದು ಅದು. ಮೊದಲನೆಯದು ಸೋಡಾ ಬಿಡಿಸಲು, ಎರಡನೆಯದು ಜಾರಿಕೆ ಹೋಗಲು, ಮೂರನೆಯದು ಮನಸ್ಸಿಗೆ ಸಮಾಧಾನವಾಗಲು. ಹಳದಿ ದೀಪ ಹತ್ತಿದ ದಿನದಿಂದ ಅವಳು ಒಂದು ನೀರನ್ನೂ ಹಾಕುತ್ತಿರಲಿಲ್ಲ. ನೀರು ಹಾಕಿದರೆ ಹನಿ ನಿಲ್ಲುತ್ತದೆ, ಹನಿ ನಿಂತರೆ ಯಂತ್ರ ನೀರು ಅನ್ನುತ್ತದೆ, ವಾಲಿ ಕೆಮ್ಮುತ್ತಾಳೆ. ಅದಕ್ಕೆ ಸೋಡಾವನ್ನು ಒಣಬಟ್ಟೆಯಿಂದ ಒರೆಸಿ ಒರೆಸಿ, ತೋಳು ನೋಯುವ ತನಕ ಒರೆಸಿ, ಹೊಳಪು ಬರಿಸಿ ಇಡುತ್ತಿದ್ದಳು. ದಿನದಿಂದ ದಿನಕ್ಕೆ ಆ ಸಂದಿಯಲ್ಲಿ ಅದು ಪದರ ಕಟ್ಟಿತ್ತು. ಅಂದು ಪಕ್ಕದಲ್ಲಿ ನಿಂತ ಹೇತಲ್ ಹೇಳಲು ಬಂದದ್ದು ಇದೇ. ಇದೇ ಇರಬೇಕು. ನೀರು ಬೆರೆಸುವವಳು ಅನ್ನಿಸಿಕೊಳ್ಳಬಾರದೆಂಬ ಒಣ ಅಹಂಕಾರ ತನ್ನನ್ನು ಸೋಡಾ ಬೆರೆಸುವವಳನ್ನಾಗಿ ಮಾಡಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಇಡೀ ಬೆಳಗಿನಲ್ಲಿ ಸುಳ್ಳು ಹೇಳಿದ್ದು ತಾನೊಬ್ಬಳೇ. ಇದನ್ನು ತಿಳಿದರೆ ಸಿಟ್ಟು ಇಳಿಯಬೇಕಿತ್ತು. ಅದು ಕಿವಿಯ ತನಕ ಏರಿತು.

ಸಂಜೆ ಭೂರಿಯ ಹಾಲನ್ನು ಕರೆದು, ಬೆಳಗಿನ ಕ್ಯಾನಿಗೆ ಮೂರು ನೀರು ಹಾಕಿ ಅದರಲ್ಲಿ ತುಂಬಿಸಿ ತಲೆಗೇರಿಸಿದಳು. ಜಾರುವ ಕ್ಯಾನನ್ನು ಖಾಲಿಯಾಗೇ ಕಂಕುಳಲ್ಲಿ ಹಿಡಿದಳು. ಡೇರಿಯಲ್ಲಿ ಸಾಲು ಆಗಲೇ ಬೆಳೆದಿತ್ತು. ವೀರಸಂಗ್‌ಭಾಯ್ ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಆತನ ತಮ್ಮನ ಮಗ ಗೋಡೆಗೆ ಒರಗಿ ಫೋನು ನೋಡುತ್ತಿದ್ದ. ಮೋಂಘಿ ಸಾಲಿನಲ್ಲಿ ನಿಲ್ಲಲಿಲ್ಲ, ನೇರ ಮುಂದಕ್ಕೆ ಹೋದಳು.

“ಬೆಳಗ್ಗೆ ನಾನು ಹೇಳಿದ್ದು ಸುಳ್ಳು. ಕ್ಯಾನು ತೊಳೆದೋಳು ನಾನು. ಸೋಡಾ ಬಿಟ್ಟೋಳೂ ನಾನೇ. ಹೇತಲ್ ಅದನ್ನ ಮುಟ್ಟೇ ಇಲ್ಲ.”

ಹರ್ಜಿಯ ಮುಖ ಅರಳಿತು. ಹೆಂಗಸರ ಸಾಲಿನಲ್ಲಿ ಯಾರೋ ಚ್ಚ್ ಚ್ಚ್ ಎಂದರು. ಛೀಮಾರಿಯದ್ದಲ್ಲ, ಮೆಚ್ಚುಗೆಯದ್ದು.

“ನೋಡ್ರೇ, ಅತ್ತೆ ಅಂದ್ರೆ ಹಿಂಗಿರ್ಬೇಕು,” ಎಂದಳು ವಾಲಿ. ಬೆಳಿಗ್ಗೆ ಕೆಣಕಿದ ಅದೇ ಬಾಯಿ. “ಸೊಸೆ ತಪ್ಪನ್ನ ಸೆರಗಲ್ಲಿ ಕಟ್ಕೊಂಡು ಬಂದಿದ್ದಾಳೆ.”

“ತಪ್ಪು ನಂದು ಅಂತಿದ್ದೀನಲ್ಲ! ಕಿವಿ ಇಲ್ವಾ?”

“ಮೋಂಘಿಬೆನ್,” ವೀರಸಂಗ್‌ಭಾಯ್ ಕೈ ಎತ್ತಿ ಸಮಾಧಾನ ಮಾಡಿದ, “ನಿಮ್ಮದು ದೊಡ್ಡ ಮನಸ್ಸು, ನಾವೆಲ್ಲ ಮೆಚ್ಚಿದ್ವಿ. ಆದ್ರೆ ಇಷ್ಟು ವರ್ಷ ಹಾಲು ಹಾಕಿದ ಕೈ ತಪ್ಪುತ್ತೆ ಅಂದ್ರೆ ನಂಬೋಕಾಗುತ್ತಾ? ಹುಡುಗೀನ ಬೈಬೇಡಿ, ಕಲೀತಾಳೆ. ಯಂತ್ರದ ವಿಚಾರ ಮಾತ್ರ ಬೇರೆ.”

ಮೋಂಘಿ ಖಾಲಿ ಕ್ಯಾನನ್ನು ಹರ್ಜಿಯ ಮೂಗಿನ ಮುಂದೆ ಹಿಡಿದಳು. “ಕೈ ಒದ್ದೆ ಮಾಡ್ಕೊಂಡು ಒಳಗೆ ಹಾಕಿ ನೋಡು. ಜಾರುತ್ತೆ. ನಿನ್ನೆ ನಾನೇ ಒರೆಸಿಟ್ಟದ್ದು.”

“ಅದನ್ನೂ ಸೊಸೇನೇ ತೊಳೆದಿರ್ತಾಳೆ, ಪಾಪ,” ಎಂದಿತು ಹಿಂದಿನ ಸಾಲು.

ಅವರು ಒಪ್ಪುವುದಿಲ್ಲ. ಒಪ್ಪುವುದೇ ಇಲ್ಲ. ಬೆಳಿಗ್ಗೆ ಇವರೆಲ್ಲ ತನ್ನನ್ನು ಒಂದೇ ಗಳಿಗೆಯಲ್ಲಿ ಕಳ್ಳಿ ಮಾಡಲು ತಯಾರಿದ್ದರು. ಈಗ ತಾನೇ ಬಾಯಿಬಿಟ್ಟು ಹೇಳಿದರೆ ದೇವಿ ಮಾಡುತ್ತಿದ್ದಾರೆ. ಎರಡರಲ್ಲೂ ಆ ಹುಡುಗಿಯೇ ಕಾಲಡಿಗೆ ಬೀಳುವುದು. ಇಷ್ಟು ವರ್ಷ ತಾನು ಜೋಪಾನ ಮಾಡಿದ ಒಳ್ಳೆಯ ಹೆಸರು ಈಗ ಬಾಗಿಲಿಗೆ ಅಡ್ಡ ಕೂತ ಎಮ್ಮೆಯ ಹಾಗೆ ಎದ್ದೇಳಲೊಲ್ಲದು. ಮೋಂಘಿ ಡೇರಿಯ ನಲ್ಲಿಯ ಹತ್ತಿರ ಹೋದಳು. ಅಲ್ಲಿ ಡೇರಿಯ ಕ್ಯಾನು ತೊಳೆಯುವ ಸೋಡಾದ ಡಬ್ಬ ಇತ್ತು. ಹಿಡಿ ತುಂಬ ತೆಗೆದು, ಕುಕ್ಕರಗಾಲಿನಲ್ಲಿ ಕೂತು, ಎಲ್ಲರ ಕಣ್ಣೆದುರು ಖಾಲಿ ಕ್ಯಾನಿನ ಒಳಗೆ ಕೈಯಿಳಿಸಿ ಉಜ್ಜಿದಳು. ಬಳೆಗಳು ಉಕ್ಕಿಗೆ ತಾಗಿ ಗಲಗಲ ಎಂದವು. ಉಜ್ಜಿ, ನೀರು ಮುಟ್ಟಿಸದೆ ಸೆರಗಿನಿಂದ ಒರೆಸಿದಳು, ಮನೆಯಲ್ಲಿ ಒರೆಸುತ್ತಿದ್ದ ಹಾಗೆಯೇ, ತೋಳು ನೋಯುವ ತನಕ. ಕ್ಯಾನು ಹೊಳೆಯಿತು. ಅದನ್ನು ತಂದು ಯಂತ್ರದ ಮುಂದೆ ಕುಕ್ಕಿ, ಭೂರಿಯ ಹಾಲನ್ನೆಲ್ಲ ಅದಕ್ಕೆ ಸುರಿದಳು. ನೊರೆ ಎದ್ದಿತು.

“ನಾನು ಹಿಂಗೆ ತೊಳೀತಿದ್ದೆ. ಕಣ್ಣಾರೆ ಕಂಡ್ರಲ್ಲ? ಈಗ ಒತ್ತು ನಿನ್ನ ಗುಂಡಿ.”

“ಬೇಡ ಕಾಕಿ. ಇನ್ನೊಂದು ಕೆಂಪು ಬಿದ್ರೆ ತಿಂಗಳು ಪೂರ್ತಿ...”

“ಒತ್ತು!”

ಕೊಳವೆ ಇಳಿಯಿತು, ಹೀರಿತು. ನಳಿಕೆಗಳು ತಿರುಗಿದವು. ಗುಲಾಬಿ. ಆ ಶಹರದ ಹುಡುಗಿ, ಯಾರ ಮುಖವನ್ನೂ ನೋಡದವಳು, ಯಾರನ್ನೂ ಹೊಗಳದವಳು, ಸ್ಪಷ್ಟವಾಗಿ ಸಾರಿದಳು: “ಮೋಂಘಿಬೆನ್ ಅಮರತ್‌ಭಾಯ್ ಚೌಧರಿ. ಸೋಡಾ ಪತ್ತೆಯಾಗಿದೆ.”

“ಕೇಳಿಸ್ತಾ?” ಎಂದಳು ಮೋಂಘಿ. “ಹೆಸರು ಯಾರದ್ದು ಅಂತು? ಹೇತಲ್ ಅಂತಾ?”

ವಾಲಿ ತನ್ನ ಕ್ಯಾನಿನ ಹಿಡಿಯನ್ನು ನೋಡುತ್ತ ನಿಂತಳು. ಹರ್ಜಿ ಅಧ್ಯಕ್ಷರ ಕಡೆ ನೋಡಿದ, ಅಧ್ಯಕ್ಷರು ಗೋಡೆಯ ಕಡೆ ನೋಡಿದರು. “ನೋಡೋಣ ಕಾಕಿ,” ಎಂದ ಹರ್ಜಿ.

“ನೋಡೋಣ ಅಲ್ಲ. ಬೆಳಗ್ಗೆ ಹೊಡೆದು ಹಾಕೋಕೆ ನೋಡೋಣ ಅಂದಿದ್ಯಾ? ತಿರುಗಿ ಬರಿ. ನನ್ನ ಕಣ್ಮುಂದೆ ಬರಿ.”

ಬರೆದ. ನಾಳೆ ಅದನ್ನು ಉಳಿಸುತ್ತಾರೋ ಅಳಿಸುತ್ತಾರೋ ಯಾರಿಗೆ ಗೊತ್ತು, ಆದರೆ ಬರೆದ. ಆಮೇಲೆ ನೀಲಿಯ ಚಮಚ ಎತ್ತಿಕೊಂಡು ಕೈ ಹಿಂಜರಿದು ನಿಂತ. ಮೋಂಘಿ ಅದನ್ನು ಕಿತ್ತುಕೊಂಡು ತಾನೇ ಕದಡಿದಳು. ಒಂದು ಕ್ಯಾನು ತಲೆಯ ಮೇಲೆ, ಇನ್ನೊಂದು ಕಂಕುಳಲ್ಲಿ. ಬೀದಿಯ ಬದಿ ಹಿಡಿಯದೆ ನಡುವೆಯೇ ನಡೆದು ಬಂದಳು. ಒಂದು ತಿಂಗಳು ಭೂ‌ರಿಯ ಹಾಲನ್ನು ಏನು ಮಾಡುವುದೆಂದು ಅವಳಿಗೆ ತಿಳಿದಿರಲಿಲ್ಲ. ನೀಲಿ ಮತ್ತೆ ಕಿವಿಯ ಪಕ್ಕದಿಂದ ಇಳಿಯಿತು. ಇಳಿಯಲು ಬಿಟ್ಟಳು.

ಅಂಗಳದಲ್ಲಿ ಗಂಡ ಅದೇ ಹೊರಸಿನ ಮೇಲೆ ಕೂತಿದ್ದ. ಹೇತಲ್ ಒಲೆಯ ಮುಂದೆ ಖಿಚಡಿಗೆ ಉರಿ ಹಾಕುತ್ತಿದ್ದಳು, ಮುಸುಕು ಗದ್ದದ ತನಕ. ನೀಲಿ ಕ್ಯಾನು ಎರಡನೆಯ ಸಲ ಮನೆಗೆ ಬಂದದ್ದನ್ನು ಕಂಡು ಅವಳ ಕೈ ಅಲ್ಲೇ ನಿಂತಿತು. ಮುಸುಕಿನ ಅಂಚು ಮತ್ತೆ ಒಳಕ್ಕೆ ಸೆಳೆದುಕೊಂಡಿತು.

“ಬಿಡು ಅದನ್ನ,” ಎಂದಳು ಮೋಂಘಿ. “ಕಚ್ಚಬೇಡ. ಸೋಡಾ ಬಿಟ್ಟೋಳು ನಾನೇ ಅಂತ ಡೇರೀಲಿ ಹೇಳಿ ಬಂದೆ. ನಿನ್ನ ಹೆಸರು ತಿರುಗಿ ಬರೆದಿದ್ದಾನೆ.”

ಅಂಚು ಹಲ್ಲಿನಿಂದ ಬಿಟ್ಟುಕೊಂಡಿತು. ಮುಸುಕು ಮಾತ್ರ ಏಳಲಿಲ್ಲ. ಮೋಂಘಿ ಕ್ಯಾನು ಇಳಿಸಿ, ಸೊಸೆಯ ಎದುರಿಗೆ ನೆಲದ ಮೇಲೆ ಕೂತಳು. ಕೂತು, ಗಂಡನ ಕಡೆ ತಿರುಗಿದಳು.

“ಎದ್ದು ಹೊರಗೆ ಹೋಗಿ.”

“ಈಗಲಾ? ಖಿಚಡಿ ಆಗ್ತಾ ಇದೆ.”

“ಖಿಚಡಿ ಎಲ್ಲಿಗೂ ಓಡಿಹೋಗಲ್ಲ. ಊರೊಳಗೆ ಒಂದು ಸುತ್ತು ಹೊಡೆದು ಬನ್ನಿ.”

“ಯಾಕೇ?”

“ಅವಳು ನನ್ನನ್ನ ಬೈಬೇಕು. ನೀವಿದ್ರೆ ಬಾಯಿ ಬಿಡಲ್ಲ.”

ಅವನು ಇಬ್ಬರನ್ನೂ ನೋಡಿದ, ಚಪ್ಪಲಿ ಹುಡುಕಿದ, ಕೆಮ್ಮುತ್ತ ಅಂಗಳ ದಾಟಿ ಹೋದ. ಕೆಮ್ಮು ಬೀದಿಯ ತಿರುವಿನಲ್ಲಿ ಅಡಗುವ ತನಕ ಇಬ್ಬರೂ ಕಾದರು. ಆಮೇಲೆ ಹೇತಲ್ ಮುಸುಕು ಹಿಂದಕ್ಕೆ ಸರಿಸಿದಳು.